ನಮ್ಮಲ್ಲಿಗೆ ಬಾರದ ಗೇಮು, ನಮ್ಮದೇ ಕತೆ

2014ರ ನವೆಂಬರ್. ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಅನ್ನುವ ಗೇಮ್ ಬಿಡುಗಡೆಗೆ ಕೆಲವೇ ದಿನ ಬಾಕಿ ಇತ್ತು. ಮಾಡಿದ್ದು ಕೆನಡಾದ ಬಯೋವೇರ್, ಮಾರುವುದು ಎಲೆಕ್ಟ್ರಾನಿಕ್ ಆರ್ಟ್ಸ್, ಅಂದ್ರೆ ಇಎ. ಅಷ್ಟರಲ್ಲಿ ಇಎ ಒಂದು ಹೇಳಿಕೆ ಕೊಟ್ಟಿತು. ಸ್ಥಳೀಯ ಕಾನೂನು ಮೀರಿದಂತಾಗಬಾರದು ಅಂತ ಭಾರತದಲ್ಲಿ ಮಾರಾಟ ಹಿಂತೆಗೆದುಕೊಂಡಿದ್ದೇವೆ, ಮುಂಗಡ ಕೊಟ್ಟವರಿಗೆ ದುಡ್ಡು ವಾಪಸ್ ಕೊಡುತ್ತೇವೆ, ಇಷ್ಟೇ. ಯಾವ ಕಾನೂನು, ಗೇಮಿನ ಯಾವ ಭಾಗ ಅನ್ನೋದು ಅದರಲ್ಲಿ ಇರಲಿಲ್ಲ.

ಮರುದಿನದಿಂದ ಗೇಮಿಂಗ್ ಸುದ್ದಿತಾಣಗಳಲ್ಲಿ ಶೀರ್ಷಿಕೆಗಳ ಮಳೆ. ಭಾರತದಲ್ಲಿ ಗೇಮ್ ನಿಷೇಧ, ಕಾರಣ ಸಲಿಂಗಿಗಳ ಮಂಚದ ದೃಶ್ಯ ಅಂತ. ಹಿಂದಿನ ಡಿಸೆಂಬರ್‌ನಲ್ಲಷ್ಟೇ ನಮ್ಮ ಸುಪ್ರೀಂ ಕೋರ್ಟು 377ನೇ ಸೆಕ್ಷನ್ ಅನ್ನು ಮತ್ತೆ ಜೀವಂತ ಮಾಡಿತ್ತು. ಗೇಮಿನಲ್ಲಿ ಸಲಿಂಗಿ ಪಾತ್ರಗಳಿದ್ದವು. ಎರಡನ್ನೂ ಕೂಡಿಸಿದರೆ ಉತ್ತರ ಸಿಕ್ಕಿಬಿಡ್ತು. ಊಹೆಯೇನೋ ಸರಿಯೇ ಇರಬಹುದು. ಆದರೆ ಊಹೆಯನ್ನು ಊಹೆ ಅಂತ ಬರೆಯಬೇಕಿತ್ತು.

ನಾನು ದಿನಾ ಬಗ್ ರಿಪೋರ್ಟ್ ಓದುವ ಮನುಷ್ಯ. ‘ಸಿಸ್ಟಮ್ ಬ್ಲಾಕ್ ಮಾಡಿತು’ ಅಂತ ಯಾರಾದ್ರೂ ಬರೆದರೆ ಮೊದಲು ಕೇಳುವ ಪ್ರಶ್ನೆ, ಯಾವ ಸಿಸ್ಟಮ್ಮು? ಇಲ್ಲೂ ಅದೇ ಕೇಳೋಣ. ನಿಷೇಧ ಮಾಡಿದ್ದು ಯಾರು? ಸಿನಿಮಾಕ್ಕೆ ನಮ್ಮಲ್ಲಿ ಸೆನ್ಸಾರ್ ಮಂಡಳಿ ಇದೆ, ವಿಡಿಯೋ ಗೇಮಿಗೆ ಅಂಥದ್ದೊಂದು ಆಗ ಇರಲೇ ಇಲ್ಲ. 377 ಶಿಕ್ಷೆ ಹೇಳುತ್ತಿದ್ದದ್ದು ಕೃತ್ಯಕ್ಕೆ, ಕತೆಗಲ್ಲ. ಅಶ್ಲೀಲ ಚಿತ್ರಣಕ್ಕೆ ಬೇರೆಯೇ ಸೆಕ್ಷನ್ ಇತ್ತು, 292. ಇನ್ನು ಇದೇ ಇಎ ಮಾರುವ ‘ದ ಸಿಮ್ಸ್’ ನೋಡಿ. 2000ನೇ ಇಸವಿಯ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಪ್ರೀತಿ ಮಾಡಬಹುದಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಅದು ಮಕ್ಕಳ ಗೇಮುಗಳ ಪಕ್ಕದಲ್ಲೇ ಕೂತಿರುತ್ತಿತ್ತು.

ನಿಷೇಧವೋ ಹಿಂತೆಗೆತವೋ, ಗೇಮ್ ಸಿಗಲಿಲ್ಲ ತಾನೆ, ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ವ್ಯತ್ಯಾಸ ಇದೆ. ಸರ್ಕಾರ ನಿಷೇಧಿಸಿದರೆ ಒಂದು ಆದೇಶ ಇರುತ್ತದೆ, ಅದರಲ್ಲಿ ಕಾರಣ ಇರುತ್ತದೆ, ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದು. ಕಂಪನಿ ತಾನೇ ಹೆದರಿ ಡಬ್ಬ ಒಳಗಿಟ್ಟರೆ ಪ್ರಶ್ನೆ ಮಾಡಲು ಒಂದು ಕಾಗದವೂ ಸಿಗಲ್ಲ. ‘ಬ್ಯಾನ್’ ಅಂತ ಬರೆದ ಪತ್ರಕರ್ತರು ಕಂಪನಿಯನ್ನು ಸುಲಭಕ್ಕೆ ಪಾರು ಮಾಡಿದರು. ತಪ್ಪೆಲ್ಲ ಒಂದು ದೇಶದ ತಲೆಗೆ ಬಂತು.

ಅದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಆ ಸುದ್ದಿಗಳನ್ನು ಓದಿದರೆ ಗೇಮಿನಲ್ಲಿ ಇದ್ದದ್ದು ಮಂಚ ಮಾತ್ರ ಅನ್ನಿಸುತ್ತದೆ. ಇದರಲ್ಲಿ ನಮ್ಮ ಭಾಷೆಯದೂ ಪಾಲಿದೆ ಅನ್ನಿ. ನಮ್ಮ ಪತ್ರಿಕೆಗಳು ಇವತ್ತಿಗೂ ಬಳಸುವ ಪದ ‘ಸಲಿಂಗಕಾಮ’. ಗಂಡು-ಹೆಣ್ಣಿನ ವಿಷಯ ಬಂದಾಗ ಪ್ರೇಮ, ಮದುವೆ, ಸಂಸಾರ ಅಂತ ಹತ್ತು ಪದ ಹೊಳೆಯುತ್ತವೆ. ಇವರ ವಿಷಯಕ್ಕೆ ಮಾತ್ರ ನೇರ ಕಾಮಕ್ಕೇ ಹೋಗುತ್ತೇವೆ. ಹಾಗಾಗಿ ಅಂಥ ಒಬ್ಬ ಮನುಷ್ಯನಿಗೆ ಅಪ್ಪ ಇರುತ್ತಾನೆ, ಮನೆ ಇರುತ್ತದೆ ಅನ್ನೋದು ನೆನಪಿಗೇ ಬರುವುದಿಲ್ಲ.

ನಾನು ಆ ಗೇಮ್ ಆಡಿದ್ದು ಮುಂದಿನ ವರ್ಷ, ಆನ್‌ಸೈಟಿಗೆ ಅಂತ ಅಮೆರಿಕಕ್ಕೆ ಹೋದಾಗ. ಮಂಚದ ದೃಶ್ಯಗಳು ಇವೆ, ಗಂಡು-ಹೆಣ್ಣಿನವೂ ಇವೆ. ಯಾರ ಜೊತೆ ಪ್ರೇಮ ಅನ್ನೋದು ಆಡುವವರ ಆಯ್ಕೆ, ಬೇಡ ಅಂದ್ರೆ ಬೇಡ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ದೃಶ್ಯ ಬೇರೆ. ಪ್ರೇಮದ ದಾರಿ ಹಿಡಿಯದೆ ಬರೀ ಸ್ನೇಹ ಬೆಳೆಸಿದರೂ ಅದು ಎದುರಾಗುತ್ತದೆ.

ಡೋರಿಯನ್ ಪೇವಸ್ ಒಬ್ಬ ಮಾಂತ್ರಿಕ. ನಾಲಗೆ ಚುರುಕು, ಮೀಸೆ ತಿರುವಿಕೊಂಡು ಸದಾ ತಮಾಷೆ ಮಾಡುತ್ತಾ ಇರುವವನು. ಟೆವಿಂಟರ್ ಅನ್ನುವ ದೇಶದ ದೊಡ್ಡ ಮನೆತನದವನು. ಅಲ್ಲಿ ಮಾಂತ್ರಿಕರ ಮನೆತನಗಳು ಕುಲ ನೋಡಿ, ರಕ್ತ ನೋಡಿ, ಲೆಕ್ಕ ಹಾಕಿ ಮದುವೆ ಮಾಡುತ್ತವೆ. ಇವನಿಗೂ ಒಂದು ಹೆಣ್ಣು ಗೊತ್ತು ಮಾಡಿದ್ದಾರೆ. ಒಂದು ದಿನ ಅವನ ಮನೆಯಿಂದ ಕಾಗದ ಬರುತ್ತದೆ, ಮನೆಯ ಆಳು ಬಂದು ಭೇಟಿಯಾಗುತ್ತಾನೆ ಅಂತ. ರೆಡ್‌ಕ್ಲಿಫ್ ಊರಿನ ಹೆಂಡದಂಗಡಿಗೆ ಹೋಗಿ ನೋಡಿದರೆ ಕಾಯುತ್ತಾ ನಿಂತಿರೋದು ಆಳಲ್ಲ, ಅಪ್ಪ.

ಅಲ್ಲಿ ವಿಷಯ ಹೊರಬೀಳುತ್ತದೆ. ಡೋರಿಯನ್‌ಗೆ ಇಷ್ಟವಾಗುವುದು ಗಂಡಸರು. ಅದನ್ನು ಗುಟ್ಟಾಗಿ ಇಟ್ಟುಕೊಂಡು ಮದುವೆಯಾಗಿ ವಂಶ ಬೆಳೆಸಿದ್ದರೆ ಯಾರಿಗೂ ತಕರಾರಿರಲಿಲ್ಲ. ಅವನು ಒಪ್ಪಲಿಲ್ಲ. ಆಗ ಅಪ್ಪ ರಕ್ತದ ಮಾಟದಿಂದ ಮಗನ ಮನಸ್ಸನ್ನೇ ಬದಲಾಯಿಸಲು ಹೊರಟ. ರಕ್ತದ ಮಾಟ ಕೈಲಾಗದವರು ಹಿಡಿಯುವ ದಾರಿ ಅಂತ ಮಗನಿಗೆ ಕಲಿಸಿದ್ದೇ ಈ ಅಪ್ಪ. ಡೋರಿಯನ್ ಮನೆ ಬಿಟ್ಟು ಬಂದದ್ದು ಅದಕ್ಕೆ.

ಈ ಪಾತ್ರ ಬರೆದವರು ಡೇವಿಡ್ ಗೇಡರ್, ಸ್ವತಃ ಗೇ. ಕೆನಡಾದಲ್ಲಿ ಕೂತು ಬರೆದದ್ದು. ಆದರೂ ಆ ಹೆಂಡದಂಗಡಿಯ ದೃಶ್ಯವನ್ನು ನಮ್ಮ ಕಡೆಯ ಯಾವ ಹಟ್ಟಿಯಲ್ಲಿ ತೋರಿಸಿದರೂ ಜನಕ್ಕೆ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ಮನೆತನ, ಗೊತ್ತು ಮಾಡಿದ ಸಂಬಂಧ, ವಂಶ, ‘ನಾಲ್ಕು ಜನ ಏನಂತಾರೆ’, ಇವೆಲ್ಲ ಅಮೆರಿಕದ ವಿಮರ್ಶಕರಿಗೆ ಟೆವಿಂಟರ್‌ನ ವಿಚಿತ್ರ ಪದ್ಧತಿ. ನಮಗೆ ಪಕ್ಕದ ಮನೆ.

ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವನೊಬ್ಬನ ವಿಷಯ, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳಿದ. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಅವನ ಅಪ್ಪ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಡಾಕ್ಟರ ಹತ್ತಿರ ಕರಕೊಂಡು ಹೋದರು. ಆಮೇಲೆ ಮನೆದೇವರಿಗೆ ಹರಕೆ, ತಾಯಿತ. ಆಮೇಲೆ ‘ಮದ್ವೆ ಆದ್ರೆ ಎಲ್ಲ ಸರಿಹೋಗುತ್ತೆ ಕಣೋ’ ಅಂತ ಹೆಣ್ಣು ನೋಡಲು ಹೊರಡಿಸಿದರು. ಆ ಹುಡುಗಿ ಏನು ತಪ್ಪು ಮಾಡಿದ್ಲು ಅಂತ ಕೇಳಿ ಇವನು ಬೆಂಗಳೂರು ಬಸ್ಸು ಹತ್ತಿದ. ಎಲ್ಲವನ್ನೂ ಅವರು ಮಾಡಿದ್ದು ಪ್ರೀತಿಯಿಂದಲೇ. ಡೋರಿಯನ್‌ನ ಅಪ್ಪನೂ ಅಷ್ಟೇ, ಮಗನ ಮೇಲಿನ ದ್ವೇಷಕ್ಕೆ ಮಾಟ ಮಾಡಲು ಹೊರಟವನಲ್ಲ. ಗೇಮಿನ ರಕ್ತದ ಮಾಟಕ್ಕೆ ನಮ್ಮಲ್ಲಿ ಬೇರೆ ಬೇರೆ ಹೆಸರಿವೆ. ಅದರ ಡಾಕ್ಟರಿಕೆಯ ರೂಪವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ವೃತ್ತಿ ದುರ್ನಡತೆ ಅಂತ ಘೋಷಿಸಿದ್ದು 2022ರಲ್ಲಿ.

ದೃಶ್ಯದಲ್ಲಿ ಕೊರತೆ ಇಲ್ಲ ಅಂತಲ್ಲ. ಅಪ್ಪ-ಮಗನ ಮುಂದಿನ ಗತಿಯನ್ನು ಆಡುವವನ ಕೈಗೆ ಕೊಟ್ಟಿದ್ದಾರೆ. ‘ಮಾತಾಡು’ ಅನ್ನಬಹುದು, ‘ನಡಿ ಹೋಗೋಣ’ ಅನ್ನಬಹುದು. ಬಟನ್ ಒತ್ತಿದರೆ ಮುಗೀತು. ಇಷ್ಟು ದೊಡ್ಡ ಗಾಯ ಹೊರಗಿನವನ ಒಂದು ಮಾತಿಗೆ ಕಾಯುತ್ತಾ ಕೂತಿರುತ್ತದೆಯೇ? ನನ್ನ ಗೆಳೆಯನಿಗೆ ಈ ಕತೆ ಹೇಳಿದಾಗ ಅವನು ಕೇಳಿದ್ದು ಒಂದೇ. “ಆ ಅಪ್ಪ ತಾನೇ ಹುಡುಕ್ಕೊಂಡು ಬಂದ್ನಾ? ನಮ್ಮಪ್ಪ ಫೋನ್ ಮಾಡ್ತಾರೆ. ಮಳೆ, ಅಡಿಕೆ ರೇಟು ಮಾತಾಡಿ ಇಡ್ತಾರೆ.” ನಿಜವಾದ ಮನೆಗಳಲ್ಲಿ ರಾಜಿಯೂ ಹೀಗೇ ಅರ್ಧಕ್ಕೆ ನಿಂತಿರುತ್ತದೆ. ಗೇಮಿಗೆ ಅದನ್ನು ತೋರಿಸುವಷ್ಟು ಪುರುಸೊತ್ತು ಇರಲಿಲ್ಲ.

ಇಂಥ ಮಾತು ವಿಮರ್ಶೆಗಳಲ್ಲಿ ಬರಬೇಕಿತ್ತು. ಗೇಮನ್ನು ಹೊಗಳಿದ ಎಷ್ಟೋ ಬರಹಗಳೂ ಡೋರಿಯನ್‌ನನ್ನು ಫೋನಿನ ಸ್ಪೆಸಿಫಿಕೇಷನ್ ಪಟ್ಟಿಯ ಹಾಗೆ ಬರೆದವು. ಈ ಸರಣಿಯಲ್ಲಿ ಗಂಡಸರನ್ನಷ್ಟೇ ಇಷ್ಟಪಡುವ ಮೊದಲ ಗಂಡು ಸಂಗಾತಿ, ಜೊತೆಗೆ ಕ್ರೆಮ್ ಎಂಬ ಟ್ರಾನ್ಸ್ ಗಂಡಸು, ಇಷ್ಟು ಪಾತ್ರ, ಟಿಕ್, ಟಿಕ್. ಬಯ್ಯುವವರೂ ಅದೇ ಪಟ್ಟಿ ಹಿಡಿದು ಇಷ್ಟೆಲ್ಲ ಯಾಕೆ ತುರುಕಿದ್ದೀರಿ ಅಂತ ಬಯ್ದರು. ಪಾತ್ರ ಚೆನ್ನಾಗಿದೆಯೋ ಇಲ್ಲವೋ ಅನ್ನುವ ಮಾತು ಎರಡೂ ಕಡೆ ಹಿಂದೆ ಬಿತ್ತು.

2018ರ ಸೆಪ್ಟೆಂಬರ್ 6ಕ್ಕೆ 377ರ ಆ ಭಾಗ ಹೋಯಿತು. 2020ರ ಜೂನ್‌ನಲ್ಲಿ ‘ದ ಲಾಸ್ಟ್ ಆಫ್ ಅಸ್ ಭಾಗ 2’ ಬಂತು. ನಾಯಕಿ ಎಲ್ಲಿಗೆ ಇಷ್ಟವಾಗುವುದು ಹುಡುಗಿಯರು, ಆದರೂ ಈ ಸಲ ಗೇಮ್ ಭಾರತದಲ್ಲೂ ಸಿಕ್ಕಿತು. ಆದರೆ ಮುಗಿಸಲು ಇಪ್ಪತ್ತು ಗಂಟೆಗೂ ಹೆಚ್ಚು ಬೇಕಾದ ಗೇಮಿಗೆ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್‌ನಲ್ಲಿ ಸಾವಿರಾರು ಜನ ಸೊನ್ನೆ ಹಾಕಿದರು. ಗೇಮ್ ಬಂದು 36 ಗಂಟೆ ಆಗುವವರೆಗೆ ಯಾರೂ ಅಂಕ ಕೊಡುವಂತಿಲ್ಲ ಅಂತ ಮೆಟಾಕ್ರಿಟಿಕ್ ನಿಯಮ ಮಾಡಬೇಕಾಯಿತು. ಆಗಲೂ ಸುದ್ದಿಯಾದದ್ದು ಅಂಕಗಳ ಜಗಳವೇ. ಎಲ್ಲಿಗೂ ಅವಳನ್ನು ಸಾಕಿದ ಜೋಯೆಲ್‌ಗೂ ನಡುವೆ ಏನಾಯಿತು ಅನ್ನೋದು ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ.

ನಾನು ಓದುವ ಕನ್ನಡ ಪತ್ರಿಕೆಗಳಲ್ಲಂತೂ ಗೇಮ್ ಕಾಣಿಸುವುದು ಬ್ಲೂ ವೇಲ್, ಪಬ್‌ಜಿ ಅಂತ ಮಕ್ಕಳು ಹಾಳಾದ ಸುದ್ದಿಯಲ್ಲಿ. ಸಿನಿಮಾಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ. ಗೇಮಿಗೂ ಕನ್ನಡದಲ್ಲಿ ಒಂದು ಸರಿಯಾದ ವಿಮರ್ಶೆ ಇದ್ದಿದ್ದರೆ, 2014ರಲ್ಲಿ ಮಂಚದ ಮಾತು ಅತ್ತ ಇಟ್ಟು ಆ ಅಪ್ಪನ ಬಗ್ಗೆ ಬರೆಯಬಹುದಿತ್ತು. ಗೇಮ್ ಆಡದವರಿಗೂ ಅದು ಅರ್ಥವಾಗುತ್ತಿತ್ತು. ಬಹುಶಃ ಅವರಿಗೇ ಹೆಚ್ಚು.