ಶಿಷ್ಯತ್ವದ ಬೆಲೆ

ಜರ್ಮನ್ ದೈವಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹೋಫರನು 1937ರಲ್ಲಿ ಪ್ರಕಟಿಸಿದ 'ನಾಖ್‌ಫೋಲ್ಗೆ' ಎಂಬ ಗ್ರಂಥದ ಹೆಸರೇ ವಿಚಾರಾರ್ಹವಾಗಿದೆ. ಕನ್ನಡ ಬೈಬಲ್ಲಿನ 'ಶಿಷ್ಯ' ಶಬ್ದವು ಉಪದೇಶ ಪಡೆಯತಕ್ಕವನನ್ನು ಸೂಚಿಸಿದರೆ, ಈ ಜರ್ಮನ್ ಪದವು ಒಬ್ಬನ ಹಿಂದೆ ನಡೆಯುವುದನ್ನು ಸೂಚಿಸುತ್ತದೆ. ಗ್ರಂಥದ ತಿರುಳು ಈ ಭೇದದಲ್ಲಿಯೇ ಇದೆ. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಯು ಯೇಸುವಿನ ಕರೆಗೆ ಓಗೊಟ್ಟು ಎದ್ದನು, ತತ್ತ್ವವಿಚಾರಕ್ಕೆ ಕಾಯಲಿಲ್ಲ.

ಲೂಥರನು ಸಾರಿದ ಕೃಪೆಯ ತತ್ತ್ವವು ಕಾಲಾಂತರದಲ್ಲಿ ಆಚರಣೆಯಿಲ್ಲದ ಸಮಾಧಾನವಾಗಿ ಪರಿಣಮಿಸಿತೆಂಬುದು ಗ್ರಂಥಕಾರನ ಆಕ್ಷೇಪ. ಇದನ್ನು ಅವನು ಅಗ್ಗದ ಕೃಪೆಯೆಂದು ಕರೆಯುತ್ತಾನೆ. ಬಹುಮಂದಿ ಕ್ರೈಸ್ತರು ನಾಜಿ ಆಡಳಿತಕ್ಕೆ ತಲೆಬಾಗಿದ್ದ ಕಾಲದಲ್ಲಿ ಇದು ಬರಿಯ ಪಾಂಡಿತ್ಯದ ಮಾತಾಗಿರಲಿಲ್ಲ. ಅವನು ಫಿಂಕನ್‌ವಾಲ್ಡೆಯಲ್ಲಿ ನಡೆಸುತ್ತಿದ್ದ ಸಭಾಪಾಲಕರ ಶಿಕ್ಷಣಶಾಲೆಯನ್ನು ಗೆಸ್ಟಾಪೊ ಅದೇ ವರ್ಷ ಮುಚ್ಚಿಸಿತು.

ಆದರೆ ಮೊದಲ ಹೆಜ್ಜೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಗ್ರಂಥವು ಶಿಷ್ಯನು ಕ್ರಮೇಣ ಮಾಗುವ ಬಗೆಯನ್ನು ಅಷ್ಟಾಗಿ ಬಿಡಿಸಿ ಹೇಳುವುದಿಲ್ಲ. ಆ ಕೊರತೆಯನ್ನು ತುಂಬುವುದು ಅವನು 1944ರ ಜುಲೈ 21ರಂದು ಸೆರೆಮನೆಯಿಂದ ಬರೆದ ಪತ್ರ. ಪವಿತ್ರ ಜೀವನದ ಸಾಧನೆಯಿಂದ ಶ್ರದ್ಧೆ ಕೈಗೂಡುವುದೆಂದು ಹಿಂದೆ ಎಣಿಸಿದ್ದನ್ನು ಅಲ್ಲಿ ಸ್ಮರಿಸುತ್ತಾನೆ. ಗ್ರಂಥದ ಅಪಾಯಗಳನ್ನು ಒಪ್ಪಿಯೂ ಅದನ್ನು ತಳ್ಳಿಹಾಕುವುದಿಲ್ಲ. ಲೋಕದ ಹೊಣೆ, ಸೋಲು, ಸಂದಿಗ್ಧಗಳ ನಡುವೆ ಬಾಳಿಯೇ ಶ್ರದ್ಧೆಯನ್ನು ಕಲಿಯಬೇಕೆಂಬುದು ಅವನ ಪಕ್ವ ನಿಲುವು. ಮರುವರ್ಷ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಲಾಯಿತು.

ಆದ್ದರಿಂದ ಗ್ರಂಥವನ್ನೂ ಪತ್ರವನ್ನೂ ಒಟ್ಟಿಗೆ ಓದತಕ್ಕದ್ದು. ಗ್ರಂಥವೊಂದನ್ನೇ ಹಿಡಿದ ಸಭೆಯು ಕಠೋರವಾದೀತು. ಪತ್ರವೊಂದನ್ನೇ ಹಿಡಿದರೆ ಅಗ್ಗದ ಕೃಪೆಗೇ ಮರಳೀತು.