ಮೀನಿಲ್ಲದ ತಿಂಗಳು

ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಮನೆಗೆ ಹೋದರೆ ಮೊದಲ ತಿಂಗಳು ನೋಡಸಿಗುವುದು ನೀರು, ಬಿಳಿ ಮರಳು, ನಾಲ್ಕೈದು ಕಲ್ಲು. ಪಂಪು ಓಡುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ಮೀನು ಮಾತ್ರ ಇರುವುದಿಲ್ಲ. ‘ಮೀನೆಲ್ಲಿ?’ ಎಂದು ನೆಂಟರು ಕೇಳಿದರೆ ‘ಸೈಕಲ್ ಆಗ್ತಾ ಇದೆ’ ಎಂಬ ಉತ್ತರ ಬರುತ್ತದೆ. ನೆಂಟರಿಗೆ ಅರ್ಥವಾಗುವುದಿಲ್ಲ, ಎಷ್ಟೋ ಸಲ ಉತ್ತರ ಕೊಟ್ಟವರಿಗೂ ಪೂರ್ತಿ ಅರ್ಥವಾಗಿರುವುದಿಲ್ಲ. ದುಡ್ಡು ಸುರಿದು ತಂದ ತೊಟ್ಟಿಯನ್ನು ಖಾಲಿ ಬಿಟ್ಟು ಕಾಯುವ ಈ ಪದ್ಧತಿ, ನನ್ನ ಮಟ್ಟಿಗೆ, ಈ ಹವ್ಯಾಸ ಕಲಿತ ಅತ್ಯಂತ ಒಳ್ಳೆಯ ಅಭ್ಯಾಸ. ನನ್ನ ತಕರಾರಿರುವುದು ಅದನ್ನು ಶಾಲೆಯ ಪರೀಕ್ಷೆಯಂತೆ ನಡೆಸುವುದರ ಬಗ್ಗೆ: ಟೆಸ್ಟ್ ಕಿಟ್‌ನಲ್ಲಿ ಅಮೋನಿಯಕ್ಕೊಂದು, ನೈಟ್ರೈಟಿಗೊಂದು, ಎರಡು ಸೊನ್ನೆ ಬಂದರೆ ಪಾಸು, ಮರುದಿನವೇ ಬುಟ್ಟಿ ತುಂಬ ಮೀನು.

ಸೈಕಲ್ ಎಂಬುದರ ತಿರುಳು ಸರಳ. ಮೀನು ಕಿವಿರುಗಳಿಂದಲೇ ಅಮೋನಿಯ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಕಡಲಿನಲ್ಲಿ ಅದು ಲೆಕ್ಕಕ್ಕೇ ಬಾರದು, 60 ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಕೊಲ್ಲುತ್ತದೆ. ಅದನ್ನು ನೈಟ್ರೈಟ್ ಮಾಡುವ ಒಂದು ಗುಂಪಿನ ಸೂಕ್ಷ್ಮಜೀವಿಗಳಿವೆ, ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವ ಇನ್ನೊಂದು ಗುಂಪಿದೆ. ಸೆರ್ಗೆಯ್ ವಿನೋಗ್ರಾಡ್‌ಸ್ಕಿ 1890ರ ಹೊತ್ತಿಗೇ ಮಣ್ಣಿನಲ್ಲಿ ಇವುಗಳ ಕೆಲಸವನ್ನು ತೋರಿಸಿಕೊಟ್ಟಿದ್ದ. ಇವು ನೀರಿನಲ್ಲಿ ತೇಲುವುದಕ್ಕಿಂತ ಕಲ್ಲು, ಮರಳು, ಫಿಲ್ಟರಿನ ಸ್ಪಂಜಿಗೆ ಅಂಟಿ ಬದುಕುವುದೇ ಹೆಚ್ಚು. ಬೆಳವಣಿಗೆ ಬಲು ನಿಧಾನ. ಮಾಮೂಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಯಲ್ಲಿ ದ್ವಿಗುಣವಾದರೆ ಇವಕ್ಕೆ ದಿನದ ಬಹುಭಾಗ ಬೇಕು. ಕಾಯುವ ವಾರಗಳ ಲೆಕ್ಕ ಹುಟ್ಟುವುದು ಇಲ್ಲಿಂದ.

ಇದು ತಿಳಿಯುವ ಮೊದಲು ಜನ ಮೈಮುರಿದು ದುಡಿದು ಅದೇ ಫಲ ಪಡೆಯಲು ನೋಡಿದರು. 1846ರಲ್ಲಿ ಆನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಸಾಕಿದಾಗ, ನೀರಿಗೆ ಗಾಳಿ ಸೇರಲೆಂದು ಮನೆಗೆಲಸದವಳು ಕಿಟಕಿಯ ಬಳಿ ನಿಂತು ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಇತಿಹಾಸದಲ್ಲಿ ಉಳಿದದ್ದು ಯಜಮಾನಿಯ ಹೆಸರು. ಪಂಪಿನ ಕೆಲಸ ಮಾಡಿದವಳ ಹೆಸರಲ್ಲ.

ಪದ್ಧತಿಗಳನ್ನು ಒಂದೊಂದಾಗಿ ತೂಗಿದರೆ ಮೊದಲು ತಳ್ಳಿಹಾಕಬೇಕಾದದ್ದು ಜೀವಂತ ಮೀನಿನಿಂದ ಸೈಕಲ್ ಮಾಡುವುದು. ಡ್ಯಾಮ್ಸೆಲ್ ಎಂಬ ಪುಟ್ಟ ಮೀನು ಗಟ್ಟಿ ಜೀವ, ಬೆಲೆಯೂ ಕಡಿಮೆ. ಅದನ್ನು ಹೊಸ ತೊಟ್ಟಿಗೆ ಬಿಡು, ಅಮೋನಿಯ ಏರಲಿ, ಸತ್ತರೆ ಇನ್ನೊಂದು ತಾ. ಈ ಸಲಹೆ ಕೊಡುವ ಅಂಗಡಿಗಳು ಈಗಲೂ ಇವೆ. ಸಿಹಿನೀರಿನ ತೊಟ್ಟಿಗಿಂತ ಇಲ್ಲಿ ಅದು ಹೆಚ್ಚು ಕ್ರೂರ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು; ಪಿಎಚ್ ಏರಿದಂತೆ ಅಮೋನಿಯದ ವಿಷರೂಪದ ಪಾಲೂ ಏರುತ್ತದೆ. ಪಿಎಚ್ 7ರ ನೀರಿಗೆ ಹೋಲಿಸಿದರೆ ಅದು ಹತ್ತು ಪಟ್ಟನ್ನೂ ಮೀರುತ್ತದೆ. ಇಷ್ಟರಲ್ಲೂ ಬದುಕುಳಿದ ಡ್ಯಾಮ್ಸೆಲ್ ಇಡೀ ತೊಟ್ಟಿ ತನ್ನದೆಂದುಕೊಂಡು ಆಮೇಲೆ ಬಂದ ಮೀನುಗಳನ್ನೆಲ್ಲ ಕಚ್ಚಿ ಅಟ್ಟಾಡಿಸುತ್ತದೆ. ಹಿಡಿಯಬೇಕೆಂದರೆ ಜೋಡಿಸಿಟ್ಟ ಕಲ್ಲುಗಳನ್ನೆಲ್ಲ ಹೊರತೆಗೆಯಬೇಕು. ಕರುಣೆಯ ಮಾತು ಬದಿಗಿಟ್ಟು ಬರೀ ಅನುಕೂಲ ನೋಡಿದರೂ ಇದು ದಡ್ಡತನ.

ಹಸಿ ಸಿಗಡಿಯ ತುಂಡು ಹಾಕಿ ಕೊಳೆಯಲು ಬಿಡುವುದು ಎರಡನೆಯ ದಾರಿ. ಕೆಲಸ ಆಗುತ್ತದೆ, ಮನೆ ನಾರುತ್ತದೆ. ಎಷ್ಟು ಅಮೋನಿಯ ಹುಟ್ಟಿತೆಂಬ ಲೆಕ್ಕ ಸಿಗುವುದಿಲ್ಲ, ಜೊತೆಗೆ ಫಾಸ್ಫೇಟೂ ನೀರಿಗೆ ಸೇರಿ ಮುಂದಿನ ಪಾಚಿಗೆ ಗೊಬ್ಬರವಾಗುತ್ತದೆ.

ಮೂರನೆಯದು ಅಮೋನಿಯಂ ಕ್ಲೋರೈಡ್: ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರವೇ, ಆದರೆ ಪ್ರಯೋಗಾಲಯಕ್ಕೆ ಮಾರುವ ಶುದ್ಧ ರೂಪದಲ್ಲಿ. ನನಗೆ ಇದೇ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು ಅನಿಸುತ್ತದೆ. 60 ಲೀಟರ್ ನೀರಿನಲ್ಲಿ ಅಮೋನಿಯವನ್ನು 2 ಪಿಪಿಎಂಗೆ ಏರಿಸಲು ಅರ್ಧ ಗ್ರಾಂ ಕೂಡ ಬೇಕಾಗದು. ಹಾಕು, ಅಳೆ, ಇಳಿಯುವವರೆಗೆ ಕಾಯಿ, ಮತ್ತೆ ಹಾಕು. 24 ಗಂಟೆಯೊಳಗೆ ಆ ಪ್ರಮಾಣ ಸೊನ್ನೆಗಿಳಿದರೆ ಒಂದೆರಡು ಸಣ್ಣ ಮೀನಿನ ಹೊರೆ ಹೊರುವ ಶಕ್ತಿ ತೊಟ್ಟಿಗೆ ಬಂದಿದೆ ಎಂದರ್ಥ. ನಂಬಿಕೆ, ಊಹೆ ಯಾವುದೂ ಬೇಡ.

ನಾಲ್ಕನೆಯದು ಬಾಟಲಿಯಲ್ಲಿ ತುಂಬಿ ಮಾರುವ ಬ್ಯಾಕ್ಟೀರಿಯಾ; ಅದರ ಕಥೆ ಇಷ್ಟು ನೇರವಿಲ್ಲ. ನೈಟ್ರೈಟನ್ನು ಪರಿವರ್ತಿಸುವ ಜೀವಿ ನೈಟ್ರೊಬ್ಯಾಕ್ಟರ್ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಹೇಳಿದವು. 1996ರಲ್ಲಿ ತಿಮೋತಿ ಹೊವಾನೆಕ್ ಮತ್ತು ಎಡ್ವರ್ಡ್ ಡಿಲಾಂಗ್ ಅಕ್ವೇರಿಯಂ ಫಿಲ್ಟರುಗಳಲ್ಲಿ ಅದಕ್ಕಾಗಿ ಹುಡುಕಿದರೆ ಸಿಹಿನೀರಿನಲ್ಲೂ ಸಿಗಲಿಲ್ಲ, ಉಪ್ಪುನೀರಿನಲ್ಲೂ ಸಿಗಲಿಲ್ಲ. 1998ರಲ್ಲಿ ಸಿಹಿನೀರಿನ ತೊಟ್ಟಿಗಳಲ್ಲಿ ಆ ಕೆಲಸಕ್ಕೆ ಸಂಬಂಧಿಸಿದ್ದು ನೈಟ್ರೊಸ್ಪೈರಾ ಜಾತಿಯವು ಎಂದು ಗೊತ್ತಾಯಿತು. (ಹೊವಾನೆಕ್ ಮುಂದೆ ತಾನೇ ಬ್ಯಾಕ್ಟೀರಿಯಾ ಬಾಟಲಿಗಳ ಉದ್ಯಮಕ್ಕಿಳಿದ, ವಿಜ್ಞಾನ ಮತ್ತು ವ್ಯಾಪಾರ ಇಲ್ಲಿ ಅಕ್ಕಪಕ್ಕದ ಮನೆಯವರು.) ಈಗಿನ ಬಾಟಲಿಗಳಲ್ಲಿ ಒಳ್ಳೆಯವು ಇವೆ, ವಾರಗಳನ್ನು ದಿನಗಳಿಗೆ ಇಳಿಸಬಲ್ಲವು. ಆದರೆ ಈ ಜೀವಿಗಳಿಗೆ ಬೀಜಕವಾಗಿ ಒಣಗಿ ಕೂರುವ ವಿದ್ಯೆ ತಿಳಿಯದು. ಬೇಸಿಗೆಯ ಲಾರಿಯಲ್ಲಿ ಬೆಂದು, ಅಂಗಡಿಯ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿಯಲ್ಲಿ ಜೀವ ಉಳಿದಿದೆಯೋ ಇಲ್ಲವೋ ಚೀಟಿ ಹೇಳುವುದಿಲ್ಲ. ಬಾಟಲಿ ಸುರಿದ ಮೇಲೂ ನವಸಾಗರ ಹಾಕಿ ಅಳೆದು ನೋಡುವವನಿಗೆ ಮೋಸವಿಲ್ಲ. ಸುರಿದ ಸಂಜೆಯೇ ಮೀನು ಬಿಡುವವನು ಡ್ಯಾಮ್ಸೆಲ್ ಕಾಲಕ್ಕೇ ಹಿಂದಿರುಗಿದ್ದಾನೆ, ಅಷ್ಟೆ.

ಇಲ್ಲಿ ಒಂದು ಅಡ್ಡಮಾತು. ನೈಟ್ರೈಟ್ ಪೂರ್ತಿ ಸೊನ್ನೆಯಾಗುವವರೆಗೂ ಮೀನು ಬಿಡಲೇಬಾರದೆಂಬುದು ಸಿಹಿನೀರಿನವರಿಂದ ಎರವಲು ಬಂದ ನಿಯಮ. ಸಮುದ್ರದ ನೀರಿನಲ್ಲಿ ತುಂಬಿರುವ ಕ್ಲೋರೈಡ್, ಕಿವಿರಿನಲ್ಲಿ ನೈಟ್ರೈಟಿನ ದಾರಿಗೆ ಅಡ್ಡ ನಿಲ್ಲುತ್ತದೆ; ಹಾಗಾಗಿ ಇಲ್ಲಿ ಅದರ ವಿಷ ಬಹಳ ಕಡಿಮೆ. ನೈಟ್ರೈಟ್ ಇದ್ದರೆ ಅದು ನೈಟ್ರೇಟ್ ಪರೀಕ್ಷೆಯ ಬಣ್ಣವನ್ನೂ ಹುಸಿಯಾಗಿ ಏರಿಸುತ್ತದೆ. ಗಾಬರಿಗೊಂಡು ದಿನವೂ ನೀರು ಬದಲಿಸುವವರು ಇದನ್ನು ತಿಳಿದರೆ ಅರ್ಧ ಉಪ್ಪು ಉಳಿಯುತ್ತದೆ.

ಈಗ ದೊಡ್ಡ ತಕರಾರಿಗೆ ಬರುತ್ತೇನೆ. ‘ನಾಲ್ಕು ವಾರದಲ್ಲಿ ಸೈಕಲ್ ಮುಗಿಯುತ್ತದೆ, ಆಮೇಲೆ ತೊಟ್ಟಿ ಸಿದ್ಧ’ ಎಂಬ ಮಾತು ಹುಟ್ಟಿದ್ದು ಬೇರೆ ಬಗೆಯ ಕಲ್ಲಿನ ಜೊತೆ. 1960ರ ದಶಕದ ಆರಂಭದಲ್ಲಿ ಜಕಾರ್ತದ ಲೀ ಚಿನ್ ಎಂಗ್ ಸಮುದ್ರದಿಂದ ತಂದ ಜೀವಂತ ಕಲ್ಲು, ಗಾಳಿಗುಳ್ಳೆ, ಬಿಸಿಲು ಇಷ್ಟರಿಂದಲೇ ಹವಳದ ತೊಟ್ಟಿ ನಡೆಸಿ ತೋರಿಸಿದ್ದ. ಆ ಕಲ್ಲಿನ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಅಷ್ಟೇ ಅಲ್ಲ, ಹುಳು, ಸ್ಪಂಜು, ಕಣ್ಣಿಗೆ ಕಾಣದ ಸಿಗಡಿಯಂಥ ಜೀವಿಗಳು, ಗುಲಾಬಿ ಬಣ್ಣದ ಸುಣ್ಣದ ಪಾಚಿ ಎಲ್ಲ ಸಂಸಾರ ಸಮೇತ ಬರುತ್ತಿದ್ದವು. ನಾವು ಇವತ್ತು ಇಡುವುದು ಒಣ ಕಲ್ಲು. ಇಡಬೇಕಾದದ್ದೂ ಅದನ್ನೇ. ನಮ್ಮಲ್ಲಿ ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗಿಗೆ ಹೋದವರು ಹವಳ ಅಂಟಿದ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡರೆ ಅದು ಹುಲಿಚರ್ಮದ ಸಾಲಿಗೆ ಸೇರುವ ಅಪರಾಧ. ಕಾನೂನು ಕಠಿಣವಾಯಿತೆಂದು ಗೊಣಗುವವರು ಇಂಗ್ಲೆಂಡಿನ ಅನುಭವ ನೋಡಬೇಕು. ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಬರೆದ ಅಕ್ವೇರಿಯಂ ಪುಸ್ತಕ ಓದಿ ಜನ ಕಡಲ ಬಂಡೆಗಳಿಗೆ ಮುಗಿಬಿದ್ದರು. ಆ ಬಂಡೆಹೊಂಡಗಳು ಹೇಗೆ ಬರಿದಾದವೆಂದು ದುಃಖದಿಂದ ಬರೆದವನು ಅವನ ಮಗನೇ, ಎಡ್ಮಂಡ್ ಗಾಸ್, 1907ರಲ್ಲಿ.

ಹಾಗಾದರೆ ಒಣ ಕಲ್ಲಿನ ತೊಟ್ಟಿಯಲ್ಲಿ ಎರಡು ಸೊನ್ನೆಗಳು ಹೇಳುವುದೇನು? ಅಮೋನಿಯ ತಿನ್ನುವವರು ಬಂದಿದ್ದಾರೆ ಎಂದು ಮಾತ್ರ. ಉಳಿದ ಜಾಗವೆಲ್ಲ ಖಾಲಿ, ಮೊದಲು ಬಂದವರದೇ ರಾಜ್ಯ. ಮರಳಿನ ಮೇಲೆ ಕಂದು ಧೂಳಿನಂತೆ ಡಯಾಟಮ್ ಹರಡುತ್ತದೆ, ಅದು ಸರಿಯುವಷ್ಟರಲ್ಲಿ ಹಸಿರು ಕೂದಲಿನಂಥ ಪಾಚಿ, ಆಮೇಲೆ ಕೆಂಪು ಲೋಳೆ. ತಿಂಗಳುಗಟ್ಟಲೆ ಹೀಗೇ. ಹೊಸಬರು ಸೈಕಲ್ ಕೆಟ್ಟಿತೆಂದು ತಿಳಿದು ಔಷಧಿ ಸುರಿಯುತ್ತಾರೆ, ನೈಟ್ರೇಟ್ ಫಾಸ್ಫೇಟ್‌ಗಳನ್ನು ಹೀರಿ ಸೊನ್ನೆಗಿಳಿಸುತ್ತಾರೆ. ಆಗ ಎಷ್ಟೋ ಕಡೆ ಡೈನೊಫ್ಲಾಜೆಲ್ಲೇಟ್ ಎಂಬ, ಇದೆಲ್ಲಕ್ಕಿಂತ ಕೆಟ್ಟ ಲೋಳೆ ತಲೆ ಎತ್ತುತ್ತದೆ. ಪಾಚಿ ಬಂದಾಗ ಬೇಕಾದದ್ದು ಒಂದೆರಡು ಬಸವನಹುಳು, ಕಡಿಮೆ ದೀಪ, ಮತ್ತು ಕೈಕಟ್ಟಿ ಕೂರುವ ತಾಳ್ಮೆ. ಈ ಘಟ್ಟದ ಬಗ್ಗೆ ಮಾರುವವರು ಬಾಯಿಬಿಡುವುದಿಲ್ಲ. ಪದ್ಧತಿಯ ನಿಜವಾದ ದೋಷ ಇದು: ಮೀನಿಗೆ ಸಾಕಾಗುವ ಅಳತೆಯನ್ನು ಹವಳಕ್ಕೂ ಸಾಕೆಂದು ಹೇಳುವುದು.

ಉಪ್ಪಿನ ವಿಷಯದಲ್ಲಿ ನಮ್ಮವರ ಜಾಣತನ ಕೆಲವೊಮ್ಮೆ ಎಡವುತ್ತದೆ. ಲೀಟರಿಗೆ 35 ಗ್ರಾಂ ತಾನೆ, ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಬೆಳೆಯುವ ಉಪ್ಪು ಸಮುದ್ರದ್ದೇ ಅಲ್ಲವೆ, ಅದನ್ನೇ ಕರಗಿಸಿದರಾಯಿತು ಎಂಬ ವಾದ. ಉಪ್ಪಿನ ಗದ್ದೆಯಲ್ಲಿ ನೀರು ಆರುತ್ತಾ ಹೋದಂತೆ ಸುಣ್ಣದ ಅಂಶ, ಜಿಪ್ಸಂ ಮೊದಲೇ ತಳಕ್ಕಿಳಿಯುತ್ತವೆ. ಆಮೇಲೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಷಿಯಂ ಬಹುಪಾಲು ಉಳಿದ ಕಹಿನೀರಿನಲ್ಲೇ ಹೋಗುತ್ತದೆ. ಅಡುಗೆಗೆ ರುಚಿಯಾದ ಆ ಉಪ್ಪನ್ನು ಮತ್ತೆ ಕರಗಿಸಿದರೆ ಸಮುದ್ರ ಹಿಂದಿರುಗುವುದಿಲ್ಲ. ಅಕ್ವೇರಿಯಂಗೆಂದೇ ಬರುವ ಮಿಶ್ರಣಕ್ಕೆ ಕೊಡುವ ಬೆಲೆ ದುಬಾರಿಯಾದರೂ ಅನ್ಯಾಯದ್ದಲ್ಲ. ಕರಾವಳಿಯವರಿಗೆ ಕಡಲೇ ಇದೆ, ಬಿಟ್ಟಿಯಾಗಿ. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ಎಲ್ಲ ಕೆಂಪು ನೀರು ತಂದು ಸುರಿಯುತ್ತವೆ, ಉಪ್ಪಿನಂಶ ಬೀಳುತ್ತದೆ. ಮಳೆಗೆ ಮೊದಲೇ, ಅಳಿವೆ ಮತ್ತು ಬಂದರಿನಿಂದ ದೂರ ಹೋಗಿ ಡ್ರಮ್ಮು ತುಂಬಿಸಿಕೊಂಡವರು ಜಾಣರು. ಬೆಂಗಳೂರಿನವರ ಕಷ್ಟ ಇನ್ನೊಂದು: ಮನೆಯ ಆರ್‌ಓ ಯಂತ್ರ. ಕುಡಿಯುವ ನೀರಿಗೆ ರುಚಿ ಬರಲೆಂದು ಹಲವು ಯಂತ್ರಗಳು ಸ್ವಲ್ಪ ಕಚ್ಚಾ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತವೆ. ಬೋರ್‌ವೆಲ್ ನೀರಾದರೆ ನೈಟ್ರೇಟೂ ಅದರೊಡನೆ ತೊಟ್ಟಿಗಿಳಿಯಬಹುದು. ಟಿಡಿಎಸ್ ಮೀಟರ್ ಅದ್ದಿ ನೋಡದೆ ನಂಬಬಾರದು.

‘ಮೊದಲನೆಯದಲ್ಲವೆ, ಚಿಕ್ಕದಿರಲಿ’ ಎಂಬ ಸಲಹೆಯನ್ನು ನಾನು ಒಪ್ಪುವುದು ಅರ್ಧ ಮಾತ್ರ. ಚಿಕ್ಕ ತೊಟ್ಟಿ ಜೇಬಿಗೆ ಹಗುರ, ನೀರು ಬದಲಿಸಲು ಸುಲಭ. ವಾರಕ್ಕೆ ಒಂದು ಬಕೆಟ್ಟೂ ಬೇಡ, 6 ಲೀಟರ್ ಸಾಕು. ನೊರೆಯೊಡನೆ ಕೊಳೆ ತೆಗೆಯುವ ಸ್ಕಿಮ್ಮರ್ ಮುಂತಾದ ಯಂತ್ರಗಳಿಲ್ಲದೆಯೂ ನಡೆಯುತ್ತದೆ. ಆದರೆ ನೀರು ಆವಿಯಾದಾಗ ಉಪ್ಪು ಅಲ್ಲೇ ಉಳಿಯುತ್ತದೆ. 60 ಲೀಟರಿನಲ್ಲಿ 3 ಲೀಟರ್ ಆರಿದರೆ 35ರ ಉಪ್ಪಿನಂಶ 37ಕ್ಕೆ ಹತ್ತಿರವಾಗುತ್ತದೆ. ಫ್ಯಾನಿನಡಿ, ಮಾರ್ಚ್ ಏಪ್ರಿಲ್‌ನಲ್ಲಿ, ಊರಿಗೆ ಹೋಗಿ ಬರುವಷ್ಟರಲ್ಲಿ ಇಷ್ಟು ಆರುವುದು ಸಾಮಾನ್ಯ. ಆರಿದ ಜಾಗಕ್ಕೆ ಸಿಹಿನೀರು ತುಂಬಬೇಕು; ಉಪ್ಪುನೀರು ತುಂಬಿದರೆ ದಿನದಿಂದ ದಿನಕ್ಕೆ ಏರುತ್ತಲೇ ಹೋಗುತ್ತದೆ. ಕರೆಂಟು ಹೋದಾಗ ಆಮ್ಲಜನಕ ಮುಗಿಯುವುದೂ ಇಂಥ ತೊಟ್ಟಿಯಲ್ಲೇ ಬೇಗ. ಹೊಸಬರಿಗೆ 60 ಲೀಟರಿಗಿಂತ ಕೆಳಗೆ ಇಳಿಯಬೇಡಿ ಎನ್ನುತ್ತೇನೆ. ಮೇಜಿನ ಮೇಲಿಡುವ 15 ಲೀಟರಿನ ಚಂದದ ಪೆಟ್ಟಿಗೆ ನುರಿತವರ ಆಟ, ಮಾರುವುದು ಮಾತ್ರ ಮಕ್ಕಳ ಹೆಸರಿನಲ್ಲಿ.

ಇಷ್ಟಕ್ಕೂ 60 ಲೀಟರಿನ ತೊಟ್ಟಿಯಲ್ಲಿ ಬಾಳಬಲ್ಲ ಮೀನೆಷ್ಟು? ಒಂದು ಜೋಡಿ ಕ್ಲೌನ್ ಮೀನು, ಹೆಚ್ಚೆಂದರೆ ಜೊತೆಗೊಂದು ಪುಟ್ಟ ಗೋಬಿ. ಸಿನಿಮಾ ನೋಡಿದ ಮಕ್ಕಳು ಕೇಳುವ ನೀಲಿ ಟ್ಯಾಂಗ್ ಬೆಳೆದರೆ 30 ಸೆಂಟಿಮೀಟರ್ ಮುಟ್ಟುತ್ತದೆ; ಅದನ್ನು ಇಲ್ಲಿ ಬಿಡುವುದು ಹಿಂಸೆ. ಕ್ಲೌನ್ ಆಯ್ಕೆಗೆ ಇನ್ನೊಂದು ಕಾರಣವಿದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದನ್ನು ಮೊಟ್ಟೆಯಿಂದಲೇ ಮರಿಮಾಡಿ ಬೆಳೆಸುವ ವಿಧಾನ ರೂಪಿಸಿದ್ದಾರೆ, ಹಾಗಾಗಿ ಸಮುದ್ರದಿಂದ ಕೀಳದ ಮೀನು ನಮ್ಮ ದೇಶದಲ್ಲೇ ಸಿಗಲು ಸಾಧ್ಯ. ತೊಟ್ಟಿಯಲ್ಲೇ ಹುಟ್ಟಿದ್ದು ಕಾಳು ಆಹಾರಕ್ಕೆ ಒಗ್ಗಿರುತ್ತದೆ, ಬಲೆಯ ಏಟು ತಿಂದಿರುವುದಿಲ್ಲ. ಕೊಳ್ಳುವಾಗ ಹ್ಯಾಚರಿಯದೋ ಸಮುದ್ರದ್ದೋ ಎಂದು ಕೇಳಬೇಕು. ಅಂಗಡಿಯವರು ತಡವರಿಸಿದರೆ ವಾಪಸು ಬಂದು ಇನ್ನೊಂದು ಅಂಗಡಿ ಹುಡುಕಬಹುದು, ಅವಸರವಿಲ್ಲ. ಅಷ್ಟು ದಿನ ಬ್ಯಾಕ್ಟೀರಿಯಾಕ್ಕೆ ಉಪವಾಸವಾಗದಂತೆ ಎರಡು ಮೂರು ದಿನಕ್ಕೊಮ್ಮೆ ತುಸು ನವಸಾಗರ ಹಾಕುತ್ತಿದ್ದರಾಯಿತು.