‘ಲಿಟಲ್ ಕೈಟ್ಸ್’ ಯೋಜನೆಯಲ್ಲಿ ಭಾಷೆಯ ಸ್ಥಾನ

ಶಾಲೆಯ ಮಕ್ಕಳಲ್ಲಿಯೇ ಕೆಲವರನ್ನು ಆಯ್ದು, ಗಣಕವಿದ್ಯೆಯಲ್ಲಿ ಮುಂದಾಳುಗಳನ್ನಾಗಿ ಪಳಗಿಸಿ, ಅವರ ಮೂಲಕ ಉಳಿದವರಿಗೂ ಆ ವಿದ್ಯೆಯನ್ನು ಮುಟ್ಟಿಸುವ ಏರ್ಪಾಡುಗಳಲ್ಲಿ ಕೇರಳದ ‘ಲಿಟಲ್ ಕೈಟ್ಸ್’ ವಿಚಾರಾರ್ಹವಾದುದು. 2018ರಲ್ಲಿ ಆರಂಭವಾದ ಈ ಯೋಜನೆಗೆ ಎಂಟನೆಯ ತರಗತಿಯವರನ್ನು ಅಭಿರುಚಿ ಪರೀಕ್ಷೆಯೊಂದರಿಂದ ಆರಿಸುವರು. ಆನಿಮೇಷನ್, ಎಲೆಕ್ಟ್ರಾನಿಕ್ಸ್, ಹಾರ್ಡ್‌ವೇರ್ ಇವುಗಳ ಜೊತೆಗೆ ಮಲಯಾಳ ಕಂಪ್ಯೂಟಿಂಗ್ ಎಂಬುದನ್ನೂ ಕಲಿಸುವರು. ದೇಶಭಾಷೆಗೆ ಯಂತ್ರವಿದ್ಯೆಯ ಪಾಠಕ್ರಮದಲ್ಲಿಯೇ ಮಣೆ ಹಾಕಿರುವುದು ಈ ಯೋಜನೆಯ ಹೆಚ್ಚಳವೆನ್ನಬೇಕು.

2019ರಲ್ಲಿ ಶಾಲಾಘಟಕಗಳು ತಮ್ಮ ಡಿಜಿಟಲ್ ಪತ್ರಿಕೆಗಳನ್ನು ಸಿದ್ಧಪಡಿಸಿ ‘ಸ್ಕೂಲ್‌ವಿಕಿ’ಯಲ್ಲಿ ಇರಿಸಿದುವು. ಇಂತಹ ಕಾರ್ಯದಲ್ಲಿ ಅಕ್ಷರಜೋಡಣೆ, ಪುಟವಿನ್ಯಾಸಗಳು ಅರ್ಧ ಮಾತ್ರ. ಬರಹವನ್ನು ಆಯುವುದು, ತಿದ್ದುವುದು, ಕರಡು ನೋಡುವುದು ಉಳಿದರ್ಧ. ಯಂತ್ರಬಲ್ಲವನೇ ಮುಂದಾಳೆಂದಾದರೆ ಕವಿತೆ ಬರೆದ ಹುಡುಗಿ ಬರಿಯ ಸರಕು ಒದಗಿಸಿದವಳಾಗುವಳು. ಆಯ್ಕೆಯ ಪರೀಕ್ಷೆಯಲ್ಲಿ ತರ್ಕಕ್ಕೂ ಗಣಕಜ್ಞಾನಕ್ಕೂ ಇರುವ ಬೆಲೆ ನುಡಿಯ ಹದವನ್ನು ಅರಿತವರಿಗೂ ಸಲ್ಲತಕ್ಕದ್ದು. ಭಾಷೆಯ ಪಂಡಿತರು ಗಣಕದ ಕೋಣೆಯ ಹೊಸ್ತಿಲಲ್ಲಿಯೇ ನಿಂತುಬಿಡುವುದೂ ಸರಿಯಲ್ಲ. ಆದರೆ ಅದು ಯೋಜನೆಯ ದೋಷವಲ್ಲ, ಪಂಡಿತರದು.

ಕನ್ನಡಿಗರಿಗೆ ಮುಖ್ಯವಾದ ಪ್ರಶ್ನೆ ಕಾಸರಗೋಡಿನದು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಪಾಠಕ್ರಮದಲ್ಲಿಯೇ ಓದುವರು. ‘ಮಲಯಾಳ ಕಂಪ್ಯೂಟಿಂಗ್’ ಎಂಬ ಹೆಸರು ಅವರಿಗೆ ಒಪ್ಪುವುದಿಲ್ಲವಾದರೂ, ಅದರ ಒಳಗಣ ವಿದ್ಯೆ ಅವರಿಗೆ ಅನ್ಯವಲ್ಲ. ಕೇರಳದ ಶಾಲೆಗಳಲ್ಲಿ ಕಲಿಸುವ ಇನ್‌ಸ್ಕ್ರಿಪ್ಟ್ ಕೀಲಿಮಣೆ ಭಾರತದ ಹಲವು ಲಿಪಿಗಳಿಗೆ ಸಾಧಾರಣವಾದುದು: ಮಲಯಾಳದ ಕಕಾರವಿರುವ ಕೀಲಿಯಲ್ಲಿಯೇ ಕನ್ನಡದ ಕಕಾರವೂ ಇರುವುದು. ಮಲಯಾಳ ಬರೆಯಲು ಕಲಿತ ಬೆರಳು ಅರಿಯದೆಯೇ ಕನ್ನಡವನ್ನೂ ಕಲಿತಿರುತ್ತದೆ.

ತೊಡಕು ಹುಟ್ಟುವುದು ಗಡಿಯ ಈಚೆಗೆ. ಕರ್ನಾಟಕದಲ್ಲಿ ‘ನುಡಿ’ ತಂತ್ರಾಂಶದೊಡನೆ ರೂಢಿಗೆ ಬಂದಿರುವುದು ಕೆ. ಪಿ. ರಾಯರ ವಿನ್ಯಾಸ. ಅದರಲ್ಲಿ ಇಂಗ್ಲಿಷಿನ ‘ಪಿ’ ಕೀಲಿಯನ್ನು ಒತ್ತಿದರೆ ಪಕಾರ ಬರುವುದು. ಇನ್‌ಸ್ಕ್ರಿಪ್ಟಿನಲ್ಲಿ ಅದೇ ಕೀಲಿಗೆ ಜಕಾರ, ಪಕಾರಕ್ಕೆ ‘ಎಚ್’ ಕೀಲಿ. ಕಾಸರಗೋಡಿನಲ್ಲಿ ಪಳಗಿದ ಹುಡುಗನು ಮಂಗಳೂರಿನ ಕಾಲೇಜಿಗೆ ಬಂದು ‘ಪದ’ವೆಂದು ಬರೆಯಹೋದರೆ ಮೊದಲಕ್ಷರದಲ್ಲಿಯೇ ಎಡವುವನು. ಯಾವ ವಿನ್ಯಾಸ ಮೇಲೆಂಬ ಜಗಳ ಇಲ್ಲಿ ಅಪ್ರಸ್ತುತ. ಕಾಸರಗೋಡಿನ ಘಟಕಗಳ ಮಕ್ಕಳೇ ಎರಡೂ ವಿನ್ಯಾಸಗಳನ್ನು ಹೋಲಿಸಿ ಒಂದು ಪುಟದ ಪಟ್ಟಿಯನ್ನು ರಚಿಸಿ ತಮ್ಮ ಕನ್ನಡ ಪತ್ರಿಕೆಯ ಮೊದಲ ಹಾಳೆಯಲ್ಲಿ ಅಚ್ಚುಮಾಡಬಹುದು. ಆ ಕೆಲಸಕ್ಕೆ ಅವರಿಗಿಂತ ಅರ್ಹರು ಗಡಿಯ ಎರಡು ಕಡೆಯಲ್ಲಿಯೂ ಸಿಕ್ಕುವುದು ಕಷ್ಟ.